ಟೇಪು ಹಿಡಿಯಿರಿ, ಆಮೇಲೆ ಆ್ಯಪ್ ತೆರೆಯಿರಿ

ಸೈಕಲ್ ಕೊಳ್ಳುವಾಗ ಹತ್ತು ಅಂಗಡಿ ಸುತ್ತುತ್ತೇವೆ. ಆದರೆ ಅದರ ಜೊತೆಗೆ ಬೇಕಾಗುವ ಚಡ್ಡಿ, ಜೆರ್ಸಿ, ಲೈಟು, ಟ್ಯೂಬುಗಳನ್ನು ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ಎರಡೇ ನಿಮಿಷದಲ್ಲಿ ಆರ್ಡರ್ ಮಾಡಿಬಿಡುತ್ತೇವೆ. ದುಡ್ಡು ಸೋರುವುದು ಅಲ್ಲೇ. ಸೈಜ್ ತಪ್ಪಿದ ಟ್ಯೂಬು, ತೊಡೆ ಉಜ್ಜುವ ಚಡ್ಡಿ, ಮೊದಲ ಮಳೆಗೇ ಆರಿಹೋದ ಲೈಟು, ಇವೆಲ್ಲ ಸೇರಿದರೆ ವರ್ಷಕ್ಕೆ ಸಣ್ಣ ಮೊತ್ತವೇನಲ್ಲ. ಆನ್‌ಲೈನ್‌ನಲ್ಲಿ ಒಳ್ಳೆಯ ಸಾಮಾನು ಕಡಿಮೆ ಬೆಲೆಗೆ ಸಿಗುತ್ತದೆ, ಅನುಮಾನ ಬೇಡ. ಆದರೆ ಏನು ಬೇಕು, ಯಾವ ಅಳತೆಯದ್ದು ಬೇಕು ಅಂತ ಮೊದಲೇ ಗೊತ್ತಿರುವವರಿಗೆ ಮಾತ್ರ ಸಿಗುತ್ತದೆ. ರಿಯಾಯಿತಿ ಹುಡುಕುವುದು ಕೊನೆಯ ಕೆಲಸ.

ಮೊದಲು ಮೈಯಳತೆ

ಟೈಲರ್ ಟೇಪು ತೆಗೆದುಕೊಳ್ಳಿ. ಎದೆ, ಸೊಂಟ, ಪೃಷ್ಠ, ತೊಡೆಯ ಅತಿ ದಪ್ಪ ಭಾಗ, ಹುಬ್ಬಿನ ಸ್ವಲ್ಪ ಮೇಲೆ ತಲೆಯ ಸುತ್ತಳತೆ. ಐದನ್ನೂ ಸೆಂಟಿಮೀಟರಿನಲ್ಲಿ ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ. ಎಂ, ಎಲ್, ಎಕ್ಸೆಲ್ ಎಂಬ ಅಕ್ಷರಗಳನ್ನು ನಂಬಬೇಡಿ. ಕ್ಯಾಸ್ಟೆಲ್ಲಿ, ಸ್ಯಾಂಟಿನಿಯಂಥ ಇಟಲಿ ಬ್ರ್ಯಾಂಡುಗಳ ರೇಸ್ ಫಿಟ್ ಬಟ್ಟೆ ಬಹಳ ಬಿಗಿ. ಮಾಮೂಲಿ ಶರ್ಟಿನಲ್ಲಿ ಎಂ ಹಾಕುವವರಿಗೆ ಅಲ್ಲಿ ಎಲ್ ಬೇಕಾಗಬಹುದು. ಅಮೆರಿಕದ ಎಂ ಬೇರೆ, ಏಷ್ಯಾ ಅಳತೆಯ ಎಂ ಬೇರೆ. ಪ್ರತಿ ಬ್ರ್ಯಾಂಡಿನ ಸೈಜ್ ಚಾರ್ಟ್ ತೆರೆದು ನಿಮ್ಮ ಸೆಂಟಿಮೀಟರ್ ಜೊತೆ ಹೋಲಿಸಿ. ಚಾರ್ಟೇ ಇಲ್ಲದ ಮಾರಾಟಗಾರರನ್ನು ಅಲ್ಲೇ ಬಿಟ್ಟು ಮುಂದೆ ಹೋಗಿ.

ಬಟ್ಟೆಯಲ್ಲಿ ದುಡ್ಡು ಹಾಕಲೇಬೇಕಾದದ್ದು ಒಂದೇ, ಪ್ಯಾಡ್ ಇರುವ ಚಡ್ಡಿ. ಭುಜಕ್ಕೆ ಪಟ್ಟಿ ಇರುವ ಬಿಬ್ ಶಾರ್ಟ್ಸ್ ಆದರೆ ಇನ್ನೂ ಒಳ್ಳೆಯದು. ಸೊಂಟಕ್ಕೆ ಎಲಾಸ್ಟಿಕ್ ಒತ್ತುವುದಿಲ್ಲ, ಪ್ಯಾಡು ಜಾಗ ಬಿಟ್ಟು ಜರುಗುವುದಿಲ್ಲ. ಫೋಟೋ ನೋಡುವಾಗ ಮಾಡೆಲ್ ಹಾಕಿಕೊಂಡ ಚಿತ್ರಕ್ಕಿಂತ ಚಡ್ಡಿಯನ್ನು ಒಳಮಗ್ಗುಲು ತಿರುಗಿಸಿ ತೆಗೆದ ಚಿತ್ರ ಮುಖ್ಯ. ಒಳ್ಳೆಯ ಪ್ಯಾಡು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಕೂತಾಗ ಎಲುಬು ಊರುವ ಎರಡು ಜಾಗದಲ್ಲಿ ದಪ್ಪ, ನಡುವೆ ತೆಳು, ಅಂಚಿಗೆ ಬರುತ್ತಾ ಇನ್ನೂ ತೆಳು. ಮಧ್ಯದಲ್ಲಿ ಉಬ್ಬಿದ ಹೊಲಿಗೆ ಇರಬಾರದು. ಅಕ್ಕಪಕ್ಕದ ಹೊಲಿಗೆಗಳು ಚಪ್ಪಟೆಯಾಗಿ ಬಟ್ಟೆಗೆ ಅಂಟಿದಂತೆ ಇರಬೇಕು. ಕಾಲಿನ ಅಂಚಿನಲ್ಲಿ ಸಿಲಿಕೋನ್ ಪಟ್ಟಿ ಇದ್ದರೆ ಚಡ್ಡಿ ಮೇಲೇರುವುದಿಲ್ಲ. ‘ಜೆಲ್ ಪ್ಯಾಡ್’ ಎಂಬ ಮಾತಿಗೆ ಮರುಳಾಗಬೇಡಿ. ದೂರ ಹೋಗುವವರಿಗೆ ಬೇಕಾದದ್ದು ಗಟ್ಟಿ ಫೋಮು. ಮೆತ್ತಗಿನ ದಪ್ಪ ಪ್ಯಾಡು ಅಂಗಡಿಯಲ್ಲಿ ಹಾಯೆನಿಸುತ್ತದೆ. ನಂದಿ ಬೆಟ್ಟ ಮುಟ್ಟುವ ಹೊತ್ತಿಗೆ ಚಪ್ಪಟೆಯಾಗಿರುತ್ತದೆ. ಗಂಡಸರ ಪ್ಯಾಡು, ಹೆಂಗಸರ ಪ್ಯಾಡು ಆಕಾರದಲ್ಲೇ ಬೇರೆ. ಯುನಿಸೆಕ್ಸ್ ಅಂತ ಬರೆದಿದ್ದರೆ ಅದು ಇಬ್ಬರಿಗೂ ಸರಿಯಾಗಿ ಕೂರುವುದು ಅನುಮಾನ.

ಈ ಚಡ್ಡಿಯ ಕೆಳಗೆ ಒಳಉಡುಪು ಹಾಕಬಾರದು. ಅದರ ಹೊಲಿಗೆಯೇ ಚರ್ಮ ಉಜ್ಜುವುದು. ಹಾಗಾಗಿ ಕೆಲವು ತಾಣಗಳು ಇದನ್ನು ಒಳಉಡುಪಿನ ಸಾಲಿಗೆ ಸೇರಿಸಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಆರ್ಡರ್ ಮಾಡುವ ಮುಂಚೆ ರಿಟರ್ನ್ ನಿಯಮ ಓದಿ. ಬಂದ ಮೇಲೆ ಅಳತೆ ನೋಡುವಾಗ ಮಾತ್ರ ಒಳಉಡುಪಿನ ಮೇಲೆ ಹಾಕಿ ನೋಡಿ, ಟ್ಯಾಗ್ ಕೀಳಬೇಡಿ.

ಜೆರ್ಸಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆವರು ಬೇಗ ಆರುವ ಮಾಮೂಲಿ ಪಾಲಿಯೆಸ್ಟರ್ ಟೀಶರ್ಟ್ 20–30 ಕಿ.ಮೀ.ಗೆ ಸಾಕು. ಬೆನ್ನ ಹಿಂದಿನ ಮೂರು ಜೇಬು, ಮುಂದಿನ ಜಿಪ್ಪು ಬೇಕು ಅನ್ನಿಸಿದಾಗ ಜೆರ್ಸಿ ಕೊಳ್ಳಿ. ಯುರೋಪಿನ ದೊಡ್ಡ ತಂಡಗಳ ಹೆಸರು ಹೊತ್ತ ಜೆರ್ಸಿ ಐನೂರು ರೂಪಾಯಿಗೆ ಸಿಕ್ಕಿದರೆ ಅದು ನಕಲಿ ಎಂದೇ ತಿಳಿಯಿರಿ. ಒಂದೇ ಜೆರ್ಸಿಯ ಎಲ್ಲ ಬಣ್ಣಕ್ಕೂ ಒಂದೇ ಬೆಲೆ ಇರಬೇಕೆಂದಿಲ್ಲ, ಪ್ರತಿ ಬಣ್ಣವನ್ನೂ ಒತ್ತಿ ನೋಡಿ. ಸೀಸನ್ ಮುಗಿಯುವಾಗ ಎಸ್ ಮತ್ತು ಡಬಲ್ ಎಕ್ಸೆಲ್ ಮಾತ್ರ ಉಳಿಯುವುದು ಹೆಚ್ಚು. ಅದು ನಿಮ್ಮ ಅಳತೆಯಾಗಿದ್ದರೆ ನಿಮ್ಮ ಅದೃಷ್ಟ.

ಆಮೇಲೆ ಸೈಕಲ್ಲಿನ ಅಳತೆ

ಟಯರಿನ ಬದಿಯನ್ನು ಒಮ್ಮೆ ಬಟ್ಟೆಯಿಂದ ಒರೆಸಿ ಓದಿ. ‘26 ಇಂಚು’ ಅಂತ ದೊಡ್ಡದಾಗಿ ಇರಬಹುದು. ಅದನ್ನೇ ಹುಡುಕಲು ಹೋಗಬೇಡಿ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 50-559 ಅಥವಾ 32-622 ಎಂಬಂಥ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ಟಯರು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಎರಡನೇ ಅಂಕಿ ಹೊಂದಿದರೆ ಮಾತ್ರ ಟಯರು ಕೂರುತ್ತದೆ.

ಮೌಂಟನ್ ಬೈಕಿನ 26 x 1.95 ಟಯರು 559 ಮಿ.ಮೀ. ಹಳೆಯ ಮಾದರಿ ಸೈಕಲ್ಲಿನ 26 x 1 3/8 ಟಯರು 590 ಮಿ.ಮೀ. ಎರಡಕ್ಕೂ 26 ಇಂಚು ಎಂದೇ ಹೆಸರು. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಅಪ್ಪನ ಕಾಲದ ಕಪ್ಪು ಸೈಕಲ್ಲಿನ 28 x 1 1/2 ಟಯರು 635 ಮಿ.ಮೀ. ರೋಡ್ ಮತ್ತು ಹೈಬ್ರಿಡ್ ಸೈಕಲ್ಲಿನ 700ಸಿ ಟಯರಿಗೂ ಕೆಲವರು 28 ಇಂಚು ಅಂತಲೇ ಬರೆಯುತ್ತಾರೆ, ಆದರೆ ಅದು 622. ತಮಾಷೆ ಎಂದರೆ 29 ಇಂಚಿನ ಮೌಂಟನ್ ಬೈಕಿನದ್ದೂ ಅದೇ 622. 27.5 ಇಂಚು ಎಂದರೆ 584. ಆನ್‌ಲೈನ್ ಪಟ್ಟಿಯಲ್ಲಿ ಈ ಮೂರಂಕಿ ಇಲ್ಲದಿದ್ದರೆ ಮಾರಾಟಗಾರರಿಗೆ ಪ್ರಶ್ನೆ ಹಾಕಿ. ಉತ್ತರ ಬರುವವರೆಗೆ ದುಡ್ಡು ಕೊಡಬೇಡಿ.

ಟ್ಯೂಬಿಗೆ ಅಗಲದ ಮಿತಿ ಇರುತ್ತದೆ. 700 x 28–35 ಎಂದಿದ್ದರೆ ನಿಮ್ಮ ಟಯರಿನ ಅಗಲ ಆ ನಡುವೆ ಇರಬೇಕು. ವಾಲ್ವನ್ನೂ ನೋಡಿ. ಬೈಕು, ಕಾರಿನಂಥ ದಪ್ಪ ವಾಲ್ವ್ ಶ್ರೇಡರ್, ತೆಳ್ಳಗೆ ಉದ್ದವಾಗಿರುವುದು ಪ್ರೆಸ್ಟಾ. ರಿಮ್ಮಿನಲ್ಲಿ ಪ್ರೆಸ್ಟಾಗೆ ಕೊರೆದ ತೂತಿಗೆ ಶ್ರೇಡರ್ ತೂರುವುದಿಲ್ಲ. ಪಂಪು ಕೊಳ್ಳುವಾಗಲೂ ಇದೇ ಪ್ರಶ್ನೆ.

ಚೈನಿಗೆ ಹಿಂದಿನ ಚಕ್ರದ ಹಲ್ಲುಗಾಲಿಗಳನ್ನು ಎಣಿಸಿ. ಎಂಟಿದ್ದರೆ 8 ಸ್ಪೀಡ್ ಚೈನು, ಅದು 6 ಮತ್ತು 7ಕ್ಕೂ ನಡೆಯುತ್ತದೆ. ಒಂಬತ್ತು, ಹತ್ತು, ಹನ್ನೊಂದಕ್ಕೆ ಅದರದರದ್ದೇ ಚೈನು ಬೇಕು. ಬ್ರೇಕ್ ಪ್ಯಾಡಿನ ಹೆಸರು ನೆನಪಿಟ್ಟುಕೊಳ್ಳಲು ಹೆಣಗುವ ಬದಲು ಹಳೆಯದನ್ನು ಬಿಚ್ಚಿ ಸ್ಕೇಲಿನ ಪಕ್ಕ ಇಟ್ಟು ಫೋಟೋ ತೆಗೆಯಿರಿ, ಬ್ರೇಕಿನ ಮೇಲಿರುವ ಮಾಡೆಲ್ ನಂಬರನ್ನೂ. ಆ ನಂಬರ್ ಹಾಕಿಯೇ ಹುಡುಕಿ. ‘ಡಿಸ್ಕ್ ಬ್ರೇಕ್ ಪ್ಯಾಡ್’ ಅಂತ ಸುಮ್ನೆ ಹುಡುಕಿದರೆ ಬರುವ ನೂರು ಪ್ಯಾಡುಗಳಲ್ಲಿ ನಿಮ್ಮದು ಯಾವುದೆಂದು ಗೊತ್ತಾಗುವುದಿಲ್ಲ.

ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು

ಚಡ್ಡಿ, ಹೆಲ್ಮೆಟ್, ಬ್ರೇಕ್ ಪ್ಯಾಡು, ಹಿಂದಿನ ಲೈಟು. ಈ ನಾಲ್ಕರಲ್ಲಿ ಅತಿ ಅಗ್ಗದ್ದನ್ನು ಹುಡುಕಬೇಡಿ. ಒಳ್ಳೆಯ ಬ್ರ್ಯಾಂಡಿನದ್ದಕ್ಕೆ ಬೆಲೆ ಇಳಿಯುವವರೆಗೆ ಕಾಯಿರಿ. ಹೆಲ್ಮೆಟ್ ಒಳಗಿನ ಸ್ಟಿಕ್ಕರಿನಲ್ಲಿ ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಎಂಬ ಗುರುತು ಇರಬೇಕು. ಐಎಸ್ 4151 ಎಂಬುದು ಸ್ಕೂಟರು, ಬೈಕಿನ ಹೆಲ್ಮೆಟ್ಟಿನ ಮಾನದಂಡ, ಅದು ಬೇರೆಯೇ. ಸೆಕೆಂಡ್‌ಹ್ಯಾಂಡ್ ಹೆಲ್ಮೆಟ್ ಮಾತ್ರ ಯಾವ ಬೆಲೆಗೂ ಬೇಡ. ಒಳಗಿನ ಫೋಮು ಒಮ್ಮೆ ಪೆಟ್ಟು ತಿಂದಿದ್ದರೆ ಹೊರಗಿನಿಂದ ಕಾಣುವುದಿಲ್ಲ.

ಲೈಟಿನ ವಿಷಯದಲ್ಲಿ ಬೆಳಕು ಎಷ್ಟೆಂದು ಹೇಳುವ ಲುಮೆನ್ ಎಂಬ ಅಂಕಿಯನ್ನು ಅಷ್ಟಾಗಿ ನಂಬಬೇಡಿ. ಹೆಸರಿಲ್ಲದ ಕಂಪನಿಗಳು ಬಾಯಿಗೆ ಬಂದ ಅಂಕಿ ಬರೆಯುತ್ತವೆ. ಪೂರ್ತಿ ಬೆಳಕಿನಲ್ಲಿ ಎಷ್ಟು ಗಂಟೆ ಉರಿಯುತ್ತದೆ, ನೀರು ತಡೆಯುವ ಐಪಿಎಕ್ಸ್ ಅಂಕಿ ಎಷ್ಟು ಎಂದು ನೋಡಿ. ಐಪಿಎಕ್ಸ್4 ಎಂದರೆ ಎರಚಲು ತಡೆಯುತ್ತದೆ. ಮಲೆನಾಡು, ಕರಾವಳಿಯ ಮಳೆಗೆ ಐಪಿಎಕ್ಸ್6 ನೋಡುವುದು ಒಳ್ಳೆಯದು.

ಉಳಿದದ್ದರಲ್ಲಿ ಧಾರಾಳವಾಗಿ ಉಳಿಸಬಹುದು. ಬಾಟಲಿ ಸ್ಟ್ಯಾಂಡು, ಮಡ್‌ಗಾರ್ಡು, ಕೈಗವಸು, ತೋಳಿನ ಸ್ಲೀವ್ಸ್, ಬೆಲ್ಲು ಅಗ್ಗದ್ದೇ ಸಾಕು. ಇಲ್ಲೊಂದು ಉಪಾಯ ಬಹಳ ಕೆಲಸಕ್ಕೆ ಬರುತ್ತದೆ. ಹುಡುಕುವಾಗ ‘ಸೈಕ್ಲಿಂಗ್’ ಎಂಬ ಪದ ಬಿಡಿ. 200 ಕಿ.ಮೀ. ಬ್ರೆವೆ, ಅಂದರೆ ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ಓಡಿಸುವವರಿಗೆ ಹೊಳೆಯುವ ಜಾಕೆಟ್ ಬೇಕೇ ಬೇಕು. ರಸ್ತೆ ಕೆಲಸದವರು ಹಾಕುವ ಸೇಫ್ಟಿ ಜಾಕೆಟ್ಟಿಗೆ ಸೈಕ್ಲಿಂಗ್ ಎಂಬ ಹೆಸರು ಸೇರಿದ ಕೂಡಲೇ ಬೆಲೆ ಏರುತ್ತದೆ. 4, 5, 6 ಮಿ.ಮೀ. ಅಲೆನ್ ಕೀ, ಒರೆಸುವ ಮೈಕ್ರೋಫೈಬರ್ ಬಟ್ಟೆ, ಜಿಪ್ ಟೈ ಎಲ್ಲಕ್ಕೂ ಇದೇ ಮಾತು. ಚೈನಿನ ಎಣ್ಣೆಗೆ ಮಾತ್ರ ಈ ಉಪಾಯ ಬೇಡ. ಇಂಜಿನ್ ಆಯಿಲ್ ಹಾಕಿದರೆ ಧೂಳು ಮೆತ್ತಿಕೊಂಡು ಚೈನು ಬೇಗ ಸವೆಯುತ್ತದೆ.

ಈಗ ಬೆಲೆ

‘ಎಂಆರ್‌ಪಿ ₹2,999, ಈಗ ₹599’ ಎಂದು ಕಂಡರೆ ಎಂಆರ್‌ಪಿಯನ್ನು ಕೈಯಿಂದ ಮುಚ್ಚಿ ₹599 ಮಾತ್ರ ನೋಡಿ. ಆ ವಸ್ತು ಇಷ್ಟಕ್ಕೆ ಬಾಳುತ್ತದಾ? ಅಷ್ಟೇ ಪ್ರಶ್ನೆ. ಹಿಂದೆ ಎಷ್ಟಿತ್ತು ಎಂದು ತಿಳಿಯಲು ಕೀಪಾ, ಬೈಹಟ್ಕೆಯಂಥ ಸಾಧನಗಳಿವೆ. ಕಳೆದ ತಿಂಗಳುಗಳ ಬೆಲೆಯನ್ನು ಗೆರೆ ಎಳೆದು ತೋರಿಸುತ್ತವೆ. ಹಬ್ಬದ ಸೇಲಿಗೆ ವಾರದ ಮುಂಚೆ ಬೆಲೆ ಏರಿ, ಸೇಲಿನ ದಿನ ಹಳೇ ಜಾಗಕ್ಕೇ ಇಳಿದಿದ್ದರೆ ಆ ಗೆರೆಯಲ್ಲಿ ಕಾಣುತ್ತದೆ. ಇನ್ನೊಂದನ್ನೂ ಗಮನದಲ್ಲಿಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಬಟ್ಟೆಗೆ ₹2,500ವರೆಗೆ ಶೇ 5, ಅದಕ್ಕೂ ಜಾಸ್ತಿ ಬೆಲೆಯದ್ದಕ್ಕೆ ಶೇ 18. ಅದರಿಂದ ಇಳಿದ ಬೆಲೆ ಯಾರೋ ಕೊಟ್ಟ ರಿಯಾಯಿತಿ ಅಲ್ಲ.

ಒಂದೇ ವಸ್ತುವನ್ನು ಮೂರು ಕಡೆ ನೋಡಿ: ದೊಡ್ಡ ಮಾರುಕಟ್ಟೆ ತಾಣ, ಬ್ರ್ಯಾಂಡಿನ ಸ್ವಂತ ತಾಣ, ಸೈಕಲ್ ಅಂಗಡಿಗಳ ಆನ್‌ಲೈನ್ ಮಳಿಗೆ. ಡೆಕಾಥ್ಲಾನ್‌ನ ಟ್ರೈಬನ್, ರಾಕ್‌ರೈಡರ್, ವ್ಯಾನ್ ರೈಸೆಲ್ ಎಲ್ಲವೂ ಅದರದ್ದೇ ಬ್ರ್ಯಾಂಡುಗಳು. ಅವು ಬೇರೆ ತಾಣದಲ್ಲಿ ಕಂಡರೆ ಮೂಲ ಬೆಲೆ ನೋಡದೆ ಕೊಳ್ಳಬೇಡಿ. ನಿಮ್ಮ ಊರಿನ ಅಂಗಡಿಗೂ ಒಂದು ಫೋನ್ ಮಾಡಿ. ಬ್ರೇಕ್ ಪ್ಯಾಡನ್ನು ನೂರು ರೂಪಾಯಿ ಜಾಸ್ತಿ ತೆಗೆದುಕೊಂಡು ಪುಕ್ಕಟೆ ಹಾಕಿಕೊಡುತ್ತಾರೆ ಎಂದರೆ ಲಾಭ ಯಾವುದರಲ್ಲಿ, ನೀವೇ ಹೇಳಿ.

ಕೊನೆಯ ಮೊತ್ತ ಕಾಣುವುದು ಕಾರ್ಟಿನಲ್ಲೇ. ಡೆಲಿವರಿ, ಪ್ಲಾಟ್‌ಫಾರ್ಮ್ ಶುಲ್ಕ, ನೀವು ಕೇಳದೇ ಸೇರಿಕೊಂಡ ವಾರಂಟಿ ಎಲ್ಲವನ್ನೂ ನೋಡಿ. ‘ಎರಡೇ ಉಳಿದಿವೆ, ಬೇಗ ಕೊಳ್ಳಿ’ ಎಂಬ ಸುಳ್ಳು ಅವಸರ, ಕದ್ದು ಕಾರ್ಟಿಗೆ ವಸ್ತು ಸೇರಿಸುವುದು, ಶುಲ್ಕವನ್ನು ಕೊನೆಯಲ್ಲಿ ತೋರಿಸುವುದು ಸೇರಿ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ರಿವ್ಯೂ ಓದುವಾಗ ಐದು ಸ್ಟಾರಿನವನ್ನು ಬಿಟ್ಟು ಎರಡು, ಮೂರು ಸ್ಟಾರಿನವನ್ನು ಓದಿ. ಚಡ್ಡಿಯ ಪಟ್ಟಿಯಲ್ಲಿ ಕೆಲವೊಮ್ಮೆ ಬೆನ್ನುಚೀಲದ ರಿವ್ಯೂ ಇರುತ್ತದೆ. ಹಳೆಯ ಪಟ್ಟಿಗೆ ಹೊಸ ವಸ್ತು ತುರುಕಿದ್ದಾರೆ ಎಂದರ್ಥ. ‘ಮೂರು ತಿಂಗಳಾಯಿತು’ ಎಂದು ಶುರುವಾಗುವ ಒಂದು ರಿವ್ಯೂ, ‘ಈಗಷ್ಟೇ ಬಂತು, ಸೂಪರ್’ ಎನ್ನುವ ಐವತ್ತಕ್ಕಿಂತ ಬೆಲೆಬಾಳುತ್ತದೆ.

ಹೊರದೇಶದಿಂದ ತರಿಸುವವರಿಗೆ

ಹಿಂದೆ ಬೆಂಗಳೂರಿನ ಎಷ್ಟೋ ಸವಾರರು ಬ್ರಿಟನ್ನಿನ ಚೈನ್ ರಿಯಾಕ್ಷನ್, ವಿಗಲ್ ತಾಣಗಳಿಂದ ತರಿಸುತ್ತಿದ್ದರು. 2023ರಲ್ಲಿ ಅವು ದಿವಾಳಿಯ ಅಂಚಿಗೆ ಬಂದು, ಮರುವರ್ಷ ಬೇರೆಯವರ ಪಾಲಾದವು. ಚೀನಾದ ಅಲಿಎಕ್ಸ್‌ಪ್ರೆಸ್ ಆ್ಯಪನ್ನು ಸರ್ಕಾರ 2020ರ ನವೆಂಬರಿನಲ್ಲಿ ನಿಷೇಧಿಸಿತು. ಉಳಿದ ತಾಣಗಳಿಂದ ತರಿಸುವಾಗ ವಸ್ತುವಿನ ಬೆಲೆಗೆ ಸಾಗಣೆ, ವಿಮೆ ಸೇರಿಸಿ, ಆ ಮೊತ್ತದ ಮೇಲೆ ಕಸ್ಟಮ್ಸ್ ಸುಂಕ, ಅದರ ಮೇಲೆ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ), ಕೊನೆಗೆ ಕೊರಿಯರಿನವರ ಶುಲ್ಕ. ಗಿಫ್ಟ್ ಅಂತ ಬರೆಸಿ ತಪ್ಪಿಸಿಕೊಳ್ಳುವ ದಾರಿ 2019ರ ಡಿಸೆಂಬರಿನಲ್ಲೇ ಮುಚ್ಚಿದೆ. ಅಮೆರಿಕ, ಜರ್ಮನಿಯಲ್ಲಿರುವ ಅಕ್ಕನೋ ಅಣ್ಣನೋ ರಜೆಗೆ ಬರುವಾಗ ಅವರ ಸಾಮಾನಿನ ಜೊತೆ ಒಂದು ಬಿಬ್ ಶಾರ್ಟ್ಸ್ ತರಿಸುವುದು ಎಷ್ಟೋ ವಾಸಿ. ಅವರಿಗೂ ಸೆಂಟಿಮೀಟರಿನಲ್ಲೇ ಅಳತೆ ಕಳಿಸಿ.

ಪಾರ್ಸೆಲ್ ಬಂದ ದಿನ

ಪೆಟ್ಟಿಗೆ ಒಡೆಯುವಾಗ ವಿಳಾಸದ ಚೀಟಿ ಕಾಣುವಂತೆ ವಿಡಿಯೋ ಮಾಡಿ. ಬಂದದ್ದನ್ನು ಕಪಾಟಿಗೆ ಸೇರಿಸಬೇಡಿ, ಅವತ್ತೇ ಪರೀಕ್ಷಿಸಿ. ಟ್ಯೂಬನ್ನು ಟಯರಿನ ಹೊರಗೇ ಇಟ್ಟು, ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಂದು ರಾತ್ರಿ ಬಿಡಿ. ಹೊಸ ಟ್ಯೂಬಿನಲ್ಲೂ ತೂತು, ಸಡಿಲ ವಾಲ್ವ್ ಇರಬಹುದು. ಅದು ಗೊತ್ತಾಗಬೇಕಾದದ್ದು ಮನೆಯಲ್ಲಿ, ಹೆದ್ದಾರಿ ಪಕ್ಕದಲ್ಲಲ್ಲ. ಲೈಟನ್ನು ಪೂರ್ತಿ ಚಾರ್ಜ್ ಮಾಡಿ ಆರುವವರೆಗೆ ಉರಿಸಿ, ಬರೆದಷ್ಟು ಹೊತ್ತು ಬಂತಾ ನೋಡಿ. ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯದೇ ತಲೆ ಅಲ್ಲಾಡಿಸಿ. ಜಾರಿದರೆ ಅಳತೆ ದೊಡ್ಡದಾಯಿತು.

ತಪ್ಪು ಸಾಮಾನು ಬಂದು, ಮಾರಾಟಗಾರರು ಜಗ್ಗದಿದ್ದರೆ ಸುಮ್ಮನಾಗಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ತಾಣವು ಮಾರಾಟಗಾರರ ಹೆಸರು, ವಿಳಾಸ, ವಸ್ತು ಯಾವ ದೇಶದ್ದು ಎಂಬುದನ್ನು ತೋರಿಸಬೇಕು, ದೂರು ಕೇಳಲು ಅಧಿಕಾರಿಯನ್ನು ನೇಮಿಸಬೇಕು. ಮೊದಲು ಆ ಅಧಿಕಾರಿಗೆ ಬರೆದು ದೂರಿನ ಸಂಖ್ಯೆ ತೆಗೆದುಕೊಳ್ಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ಲು, ವಿಡಿಯೋ, ವಸ್ತುವಿನ ವಿವರ ಇದ್ದ ಪುಟದ ಸ್ಕ್ರೀನ್‌ಶಾಟ್ ಈ ಮೂರನ್ನೂ ಕೈಯಲ್ಲಿ ಇಟ್ಟುಕೊಂಡೇ ಮಾತಾಡಿ.