ಅಮೆರಿಕದಲ್ಲಿ ಫ್ಲೈಟ್ ಡಿಸ್ಪ್ಯಾಚರ್ ಇಂಟರ್‌ವ್ಯೂ: ನಮ್ಮ ಕಡೆಯವರು ತಿಳಿದುಕೊಂಡು ಹೋಗಬೇಕಾದ್ದು

ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಎಷ್ಟೋ ಹುಡುಗ ಹುಡುಗಿಯರು ಅಲ್ಲಿ ಕೆಲಸಕ್ಕೆ ಸೇರಿದರು. ಚೆಕ್‌ಇನ್, ಕಾರ್ಗೋ, ಲೋಡ್ ಶೀಟ್, ರ‍್ಯಾಂಪ್ ಹೀಗೆ. ಅವರಲ್ಲಿ ಕೆಲವರು ಗಂಡನ ಅಥವಾ ಹೆಂಡತಿಯ ವೀಸಾ ಮೇಲೆ, ಇನ್ನು ಕೆಲವರು ಓದಲು ಅಂತ ಅಮೆರಿಕಕ್ಕೆ ಬಂದಿದ್ದಾರೆ. ವಿಮಾನದ ವಾಸನೆ ಬಿಡುವುದಿಲ್ಲ, ಪೈಲಟ್ ಆಗುವಷ್ಟು ದುಡ್ಡೂ ಇಲ್ಲ. ಅಂಥವರ ಕಣ್ಣು ಡಿಸ್ಪ್ಯಾಚರ್ ಕೆಲಸದ ಮೇಲೆ ಬೀಳುತ್ತದೆ. ನಾನೂ ಗೌರಿಬಿದನೂರು ಕಡೆಯವನು, ಇಲ್ಲಿ ಇದೇ ಕೆಲಸದಲ್ಲಿದ್ದೇನೆ. ಊರಿನವರು ಫೋನ್ ಮಾಡಿದಾಗ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕೆಲಸ ಏನು ಅಂತ ನೋಡೋಣ. ವಿಮಾನ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಇಂಧನ ತುಂಬಬೇಕು, ಇಳಿಯುವ ಊರಲ್ಲಿ ಹವೆ ಕೆಟ್ಟರೆ ಬೇರೆ ಎಲ್ಲಿ ಇಳಿಯಬೇಕು, ಇದನ್ನೆಲ್ಲ ನೆಲದ ಮೇಲೆ ಕೂತು ಯೋಜಿಸುವವನು ಡಿಸ್ಪ್ಯಾಚರ್. ವಿಮಾನ ಹಾರಿದ ಮೇಲೂ ಅದನ್ನು ಕಾಯುತ್ತಾನೆ. ಒಂದು ಶಿಫ್ಟ್‌ನಲ್ಲಿ ಡಜನ್‌ಗಟ್ಟಲೆ ವಿಮಾನ ಕೈಯಲ್ಲಿರುತ್ತವೆ.

ಇಲ್ಲಿನ ಕಾನೂನಿನ ಪ್ರಕಾರ ದೊಡ್ಡ ಏರ್‌ಲೈನ್‌ಗಳ ಮಾಮೂಲಿ ಹಾರಾಟಕ್ಕೆ ಕ್ಯಾಪ್ಟನ್ ಮತ್ತು ಡಿಸ್ಪ್ಯಾಚರ್ ಇಬ್ಬರೂ ಜಂಟಿಯಾಗಿ ಹೊಣೆ. ಇಬ್ಬರಲ್ಲಿ ಒಬ್ಬರು ಒಪ್ಪದಿದ್ದರೂ ವಿಮಾನ ಹೊರಡುವಂತಿಲ್ಲ. ಇದರ ಹಿಂದೆ ಒಂದು ಕಥೆ ಇದೆ. 1935ರ ಮೇ ತಿಂಗಳಲ್ಲಿ ಮಿಸೌರಿಯಲ್ಲಿ ಟಿಡಬ್ಲ್ಯುಎ ಕಂಪನಿಯ ಒಂದು ಡಿಸಿ-2 ವಿಮಾನ ಮಂಜಿನಲ್ಲಿ ಸಿಕ್ಕಿ, ಇಂಧನವೂ ತೀರುತ್ತಾ ಬಂದು ಬಿತ್ತು. ಸತ್ತವರಲ್ಲಿ ಬ್ರಾನ್ಸನ್ ಕಟಿಂಗ್ ಎಂಬ ಸೆನೆಟರ್ ಇದ್ದರು. ಸಂಸತ್ತು ತನಿಖೆಗೆ ಕೂತಿತು. 1938ರಲ್ಲಿ ಹೊಸ ವಿಮಾನಯಾನ ಕಾಯ್ದೆ ಬಂತು. ಹವೆ ಮತ್ತು ಇಂಧನದ ವಿಷಯವನ್ನು ಒಬ್ಬನ ತಲೆಯ ಮೇಲೆ ಬಿಡಬಾರದು ಅನ್ನುವ ಯೋಚನೆ ಅಲ್ಲಿಂದ ಬೆಳೆದದ್ದು. ಇಂಟರ್‌ವ್ಯೂನಲ್ಲಿ ಕೇಳುವ ಹೆಚ್ಚಿನ ಪ್ರಶ್ನೆಗಳು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ. ಕ್ಯಾಪ್ಟನ್‌ಗೆ ಸರಿಸಮನಾಗಿ ನಿಂತು ಮಾತಾಡುತ್ತೀಯಾ, ಇಲ್ವಾ?

ಲೈಸೆನ್ಸ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಭಾರತದ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎಯ ಅನುಮೋದನೆ ಇದ್ದರೂ ಇಲ್ಲಿನ ಏರ್‌ಲೈನ್‌ನಲ್ಲಿ ವಿಮಾನ ಹೊರಡಬಹುದು ಅನ್ನುವ ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಇಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎ ಕೊಡುವ ಸರ್ಟಿಫಿಕೇಟ್ ಬೇಕೇ ಬೇಕು. ಲಿಖಿತ ಪರೀಕ್ಷೆಗೆ 21 ವರ್ಷ ತುಂಬಿರಬೇಕು, ಸರ್ಟಿಫಿಕೇಟ್‌ಗೆ 23. ಲಿಖಿತದಲ್ಲಿ 80 ಪ್ರಶ್ನೆ, 3 ಗಂಟೆ, ಪಾಸಾಗಲು ನೂರಕ್ಕೆ 70. ಅನುಭವ ಇಲ್ಲದವರು ಕನಿಷ್ಠ 200 ಗಂಟೆಯ ಮಾನ್ಯತೆ ಪಡೆದ ಕೋರ್ಸ್ ಮುಗಿಸಬೇಕು. ಕೊನೆಗೆ ಪರೀಕ್ಷಕರ ಎದುರು ಕೂತು ಒಂದು ಪೂರ್ತಿ ಹಾರಾಟವನ್ನು ಯೋಜಿಸಿ ತೋರಿಸಬೇಕು. ಡಿಗ್ರಿ ಕಡ್ಡಾಯ ಅಂತ ಎಫ್‌ಎಎ ಎಲ್ಲೂ ಹೇಳಿಲ್ಲ. ಅಮೆರಿಕದಲ್ಲಿ ವಿಳಾಸ ಇಲ್ಲದವರು ಅರ್ಜಿ ಹಾಕುವುದಾದರೆ 2025ರಿಂದ ಹೊಸ ನಿಯಮ ಇದೆ. ನಿಮ್ಮ ಪರವಾಗಿ ಸರ್ಕಾರಿ ಕಾಗದ ಪಡೆಯಲು ಅಮೆರಿಕದಲ್ಲೊಬ್ಬ ಏಜೆಂಟನ್ನು ಹೆಸರಿಸಬೇಕು.

ಡಿಗ್ರಿ ಬೇಡ ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ವೀಸಾಗೆ ಅದೇ ಅಡ್ಡ ಬರುತ್ತದೆ. ಎಚ್-1ಬಿ ಅನ್ನುವ ಕೆಲಸದ ವೀಸಾ ಸಿಗಬೇಕಾದರೆ ಆ ಕೆಲಸಕ್ಕೆ ಡಿಗ್ರಿ ಅನಿವಾರ್ಯ ಅಂತ ತೋರಿಸಬೇಕು. ಡಿಸ್ಪ್ಯಾಚರ್ ಕೆಲಸಕ್ಕೆ ಅದನ್ನು ತೋರಿಸುವುದು ಕಷ್ಟ. ಹಾಗಾಗಿ ಕಂಪನಿಗಳು ವೀಸಾ ಪ್ರಾಯೋಜಿಸುವುದು ಅಪರೂಪ. ಚಿಂತಾಮಣಿಯಲ್ಲಿ ಕೂತು ಅಮೆರಿಕದ ಕೋರ್ಸಿಗೆ ಸಾಲ ಮಾಡಿ ದುಡ್ಡು ಕಟ್ಟುವ ಮುಂಚೆ ಇದನ್ನು ನೂರು ಸಲ ಯೋಚಿಸಿ. ಕೋರ್ಸ್ ಮಾರುವವರು ಈ ಮಾತನ್ನು ಮೊದಲ ಪುಟದಲ್ಲಿ ಬರೆಯುವುದಿಲ್ಲ. ಈ ದಾರಿ ನಿಜವಾಗಿ ತೆರೆದಿರುವುದು ಗ್ರೀನ್ ಕಾರ್ಡ್ ಇರುವವರಿಗೆ, ಕಂಪನಿ ವರ್ಗಾವಣೆ ಮೇಲೆ ಬಂದವರ ಜೊತೆ ಎಲ್-2 ವೀಸಾದಲ್ಲಿರುವ ಸಂಗಾತಿಗಳಿಗೆ, ಮತ್ತು ಗಂಡನ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿ ಎಚ್-4 (ಎಚ್-1ಬಿಯವರ ಸಂಗಾತಿಯ ವೀಸಾ) ಮೇಲೆ ಕೆಲಸದ ಕಾರ್ಡ್ ಪಡೆದವರಿಗೆ. ಅರ್ಜಿಯಲ್ಲಿ "ಈಗ ಅಥವಾ ಮುಂದೆ ನಿಮಗೆ ವೀಸಾ ಪ್ರಾಯೋಜನೆ ಬೇಕಾಗುತ್ತದೆಯೇ?" ಅಂತ ಕೇಳಿರುತ್ತಾರೆ. ಇದ್ದದ್ದು ಇದ್ದ ಹಾಗೆ ಉತ್ತರಿಸಿ.

ಇನ್ನು ಅರ್ಜಿ, ರೆಸ್ಯೂಮೆ. ಫೋಟೊ ಬೇಡ, ತಂದೆ ಹೆಸರು ಬೇಡ, ಹುಟ್ಟಿದ ದಿನ ಬೇಡ, ಮದುವೆಯಾಗಿದೆಯೋ ಇಲ್ಲವೋ ಅದೂ ಬೇಡ. ಇಂಟರ್‌ವ್ಯೂನಲ್ಲೂ ಅವರು ಇದನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ನಾವೇ ಬಾಯಿಬಿಟ್ಟು "ನನಗೆ ಇಬ್ಬರು ಮಕ್ಕಳು, ಅತ್ತೆ ನಮ್ಮ ಜೊತೆಗಿದ್ದಾರೆ" ಅಂತ ಶುರು ಮಾಡುತ್ತೇವೆ ಅಷ್ಟೆ.

ಹೆಸರಿನ ವಿಷಯ ಮಾತ್ರ ನಮ್ಮ ಜಿಲ್ಲೆಗಳವರು ತಲೆಗೆ ಹಾಕಿಕೊಳ್ಳಲೇಬೇಕು. ನಮ್ಮಲ್ಲಿ ಮನೆತನದ ಹೆಸರು ಕಡಿಮೆ, ಇನಿಷಿಯಲ್ ಜಾಸ್ತಿ. ಎಂ. ವಿ. ಮಂಜುನಾಥ ಅಂದರೆ ಮುಳಬಾಗಿಲು ಊರು, ವೆಂಕಟಪ್ಪ ಅಪ್ಪ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಆಗ ಅಮೆರಿಕದ ವೀಸಾದಲ್ಲಿ ಮಂಜುನಾಥ ಅನ್ನುವುದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ, ಕೂತುಬಿಡುತ್ತದೆ. ಈ ಕೆಲಸಕ್ಕೆ ಬೆರಳಚ್ಚು ತೆಗೆದು ಅಪರಾಧ ದಾಖಲೆ ನೋಡುತ್ತಾರೆ. ಬಹಳಷ್ಟು ಕಂಪನಿಗಳು ಹಿಂದಿನ 10 ವರ್ಷದ ಕೆಲಸ, ವಿಳಾಸ ಎಲ್ಲವನ್ನೂ ಕೇಳುತ್ತವೆ. ಒಂದೊಂದು ಕಾಗದದಲ್ಲಿ ಒಂದೊಂದು ಹೆಸರು ಇದ್ದರೆ ತಿಂಗಳುಗಟ್ಟಲೆ ಎಳೆದಾಡುತ್ತಾರೆ. ಎಫ್‌ಎಎ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುಂಚೆಯೇ ಪಾಸ್‌ಪೋರ್ಟ್ ಸರಿಮಾಡಿಸಿ. ಸಾಧ್ಯವಾದರೆ ಊರಿಗೆ ಹೋದಾಗ ಹಳೆಯ ಕಂಪನಿಗಳಿಂದ ಸೇವಾ ಪತ್ರಗಳನ್ನೂ ತಂದಿಟ್ಟುಕೊಳ್ಳಿ.

ಆ ಹತ್ತು ವರ್ಷದಲ್ಲಿ ಖಾಲಿ ಜಾಗ ಬಿಡಬೇಡಿ. ಒಂದು ವರ್ಷ ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದರೆ ಅದನ್ನೇ ಬರೆಯಿರಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಅದನ್ನು ಖಾತ್ರಿಪಡಿಸಲು, ಇಂಗ್ಲಿಷ್‌ನಲ್ಲಿ ಫೋನ್ ಎತ್ತಬಲ್ಲ ಒಬ್ಬರ ಹೆಸರು ಕೊಡಿ.

ಈಗ ಇಂಟರ್‌ವ್ಯೂ. ಸಾಮಾನ್ಯವಾಗಿ ಒಂದು ತಾಂತ್ರಿಕ ಪರೀಕ್ಷೆ ಇರುತ್ತದೆ, ಕಾಗದದ ಮೇಲೋ ಬಾಯಲ್ಲೋ. ಮೆಟಾರ್ (ನಿಲ್ದಾಣದ ಈಗಿನ ಹವೆಯ ವರದಿ), ಟ್ಯಾಫ್ (ಅಲ್ಲಿನ ಹವೆಯ ಮುನ್ಸೂಚನೆ), ನೋಟಾಮ್ (ಹಾರಾಟಕ್ಕೆ ಸಂಬಂಧಿಸಿದ ಎಚ್ಚರಿಕೆ ಸೂಚನೆ) ಕೊಟ್ಟು ಓದಿಸುತ್ತಾರೆ. ನಿಲ್ಲಿಸದೆ ಓದಬೇಕು. ಅದಕ್ಕೆ ಅಭ್ಯಾಸ ಬಿಟ್ಟರೆ ಬೇರೆ ದಾರಿ ಇಲ್ಲ. ದಿನಾ ಬೆಳಗ್ಗೆ ಕಾಫಿ ಕುಡಿಯುತ್ತಾ ನಾಲ್ಕು ಊರಿನ ಟ್ಯಾಫ್ ಜೋರಾಗಿ ಓದಿ. ಎಲ್ಲ ಸಮಯವೂ ಜುಲು ಲೆಕ್ಕದಲ್ಲಿ, ಅಂದರೆ ಗ್ರೀನಿಚ್ ಸಮಯದಲ್ಲಿ. ನಮ್ಮ ಐದೂವರೆ ಗಂಟೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಡಲ್ಲಾಸ್‌ನ ಗಡಿಯಾರ ಬೇಸಿಗೆಯಲ್ಲಿ ಜುಲುಗಿಂತ 5 ಗಂಟೆ ಹಿಂದೆ, ಚಳಿಗಾಲದಲ್ಲಿ 6.

ಒಂದು ಮಾದರಿ ಪ್ರಶ್ನೆ ತೆಗೆದುಕೊಳ್ಳೋಣ. ವಿಮಾನ ಶಿಕಾಗೋ ಓಹೇರ್‌ಗೆ 18:00 ಜುಲುಗೆ ತಲುಪುತ್ತದೆ. ಟ್ಯಾಫ್ ಪ್ರಕಾರ ಮೋಡದ ತಳ 4000 ಅಡಿ, ಕಾಣುವ ದೂರ 6 ಮೈಲಿ. ಆದರೆ 16ರಿಂದ 18ರವರೆಗೆ ಟೆಂಪೊ (ನಡುನಡುವೆ ಸ್ವಲ್ಪ ಹೊತ್ತು) ಅಂತ ಹಾಕಿ, 1200 ಅಡಿ ಮತ್ತು 2 ಮೈಲಿ ಅಂತ ಬರೆದಿದೆ. ಆಲ್ಟರ್ನೇಟ್, ಅಂದರೆ ಅಲ್ಲಿ ಇಳಿಯಲಾಗದಿದ್ದರೆ ಹೋಗುವ ಬದಲಿ ನಿಲ್ದಾಣ, ಬೇಕೋ ಬೇಡವೋ?

ಇಲ್ಲಿ ಬಳಸುವುದು ಒಂದು-ಎರಡು-ಮೂರು ನಿಯಮ. ತಲುಪುವ ಸಮಯಕ್ಕೆ 1 ಗಂಟೆ ಹಿಂದೆ, 1 ಗಂಟೆ ಮುಂದೆ, ಮೋಡದ ತಳ ಕನಿಷ್ಠ 2000 ಅಡಿ, ಕಾಣುವ ದೂರ ಕನಿಷ್ಠ 3 ಮೈಲಿ ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟ್ ಹಾಕಲೇಬೇಕು. ನಮ್ಮ ಲೆಕ್ಕಕ್ಕೆ ಬರುವುದು 17ರಿಂದ 19. ಟೆಂಪೊ ಅದರಲ್ಲಿ ಒಂದು ಗಂಟೆ ಹೊಕ್ಕಿದೆ. "ಟೆಂಪೊ ಅಂದರೆ ಸ್ವಲ್ಪ ಹೊತ್ತಷ್ಟೇ ಅಲ್ವಾ, ಬಿಡಿ" ಅಂದವರು ಅಲ್ಲೇ ಬಿದ್ದರು. ವಿಶೇಷ ವಿನಾಯಿತಿ ಇಲ್ಲದ ಕಂಪನಿಗೆ ಟೆಂಪೊ ಕೂಡ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆಲ್ಟರ್ನೇಟ್ ಬೇಕು.

ಯಾವ ಊರು ಅಂತ ಮುಂದಿನ ಪ್ರಶ್ನೆ. ಹತ್ತಿರ ಇದೆ ಅಂತ ಮಿಲ್ವಾಕಿ ಹೇಳಬಹುದು. ಆದರೆ ಎರಡೂ ಒಂದೇ ಸರೋವರದ ದಡದಲ್ಲಿವೆ. ಓಹೇರ್ ಮುಚ್ಚಿಸಿದ ಹವೆಯೇ ಮಿಲ್ವಾಕಿಯನ್ನೂ ಮುಚ್ಚಿಸಬಹುದು. ಇಂಡಿಯಾನಾಪೊಲಿಸ್ ಹೇಳಿ, ಯಾಕೆ ಅಂತ ವಿವರಿಸಿ. ಅವರಿಗೆ ಊರಿನ ಹೆಸರಿಗಿಂತ ಆ "ಯಾಕೆ" ಮುಖ್ಯ.

ಇಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ. ಡಿಸೆಂಬರ್, ಜನವರಿ ಬೆಳಗ್ಗೆ ನಂದಿ ಬೆಟ್ಟದ ಕೆಳಗೆ ಮಂಜು ಹೇಗೆ ಕೂರುತ್ತದೆ, ಬಿಸಿಲು ಏರಿದ ಮೇಲೆ ಹೇಗೆ ಕರಗುತ್ತದೆ ಅಂತ ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ದೇವನಹಳ್ಳಿಗೆ ಬರಬೇಕಾದ ವಿಮಾನಗಳು ಚೆನ್ನೈಗೋ ಹೈದರಾಬಾದಿಗೋ ತಿರುಗುವುದೂ ಅದೇ ಮಂಜಿಗೆ. ಆಕಾಶ ಶುಭ್ರ, ಗಾಳಿ ಇಲ್ಲ, ತಾಪಮಾನ ಮತ್ತು ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಯಾಗುವ ತಾಪಮಾನ) ಹತ್ತಿರ ಹತ್ತಿರ. ಮಂಜಿನ ಬಗ್ಗೆ ಕೇಳಿದಾಗ ಪುಸ್ತಕದ ವಾಕ್ಯ ಒಪ್ಪಿಸುವ ಬದಲು ಇದನ್ನು ಹೇಳಿ. ಕೇಳುವವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಇಂಧನದ ಲೆಕ್ಕವೂ ಬಂದೇ ಬರುತ್ತದೆ. ದೇಶದೊಳಗಿನ ಹಾರಾಟಕ್ಕೆ ಗುರಿ ತಲುಪಲು, ಅಲ್ಲಿಂದ ಆಲ್ಟರ್ನೇಟ್‌ಗೆ ಹೋಗಲು, ಅದರ ಮೇಲೆ ಮಾಮೂಲಿ ವೇಗದಲ್ಲಿ 45 ನಿಮಿಷ ಹಾರಲು ಸಾಕಾಗುವಷ್ಟು ಬೇಕು. ಗುರಿಗೆ 2 ಗಂಟೆ 10 ನಿಮಿಷ, ಆಲ್ಟರ್ನೇಟ್‌ಗೆ 35 ನಿಮಿಷ ಅಂದರೆ ಒಟ್ಟು ಮೂರೂವರೆ ಗಂಟೆ. ಅಲ್ಲಿಗೆ ನಿಲ್ಲಿಸಬೇಡಿ. ಎದುರು ಗಾಳಿ, ಟ್ರಾಫಿಕ್‌ನಿಂದ ಆಗುವ ತಡ, ಇಳಿಯಲು ಹೋಗಿ ಆಗದೆ ಮತ್ತೆ ಮೇಲೇರುವುದು, ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ನಿಯಮವೇ ಹೇಳುತ್ತದೆ. ಕಾನೂನು ಕೇಳುವ ಕನಿಷ್ಠಕ್ಕೂ ಬುದ್ಧಿವಂತ ಹಾಕುವ ಇಂಧನಕ್ಕೂ ಇರುವ ವ್ಯತ್ಯಾಸ ನಿಮ್ಮ ಬಾಯಲ್ಲಿ ಬರಬೇಕು.

ತಾಂತ್ರಿಕ ಭಾಗದಲ್ಲಿ ನಮ್ಮವರು ಸೋಲುವುದು ಕಡಿಮೆ. ಕಷ್ಟ ಆಗುವುದು ಆಮೇಲೆ. "ಕ್ಯಾಪ್ಟನ್ ಫೋನ್ ಮಾಡಿದ್ದಾರೆ. ಆಲ್ಟರ್ನೇಟ್ ಇಂಧನ ತೆಗೆಸು, ತೂಕ ಜಾಸ್ತಿಯಾಗಿ ಪ್ರಯಾಣಿಕರನ್ನು ಬಿಟ್ಟುಹೋಗಬೇಕಾಗಿದೆ ಅನ್ನುತ್ತಾರೆ. ನಿಮ್ಮ ಮ್ಯಾನೇಜರ್ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದಾರೆ. ಏನು ಮಾಡುತ್ತೀರಿ?" ನಮ್ಮಲ್ಲಿ ದೊಡ್ಡವರಿಗೆ ಎದುರು ಮಾತಾಡಬಾರದು ಅಂತಲೇ ಬೆಳೆಸಿರುತ್ತಾರೆ. ಹಾಗಾಗಿ "ಅವರು ಅನುಭವಸ್ಥರು, ಅವರು ಹೇಳಿದ ಹಾಗೆ ಮಾಡುತ್ತೇನೆ" ಅನ್ನುವ ಉತ್ತರ ತಾನಾಗಿ ಬಂದುಬಿಡುತ್ತದೆ. ಇಲ್ಲಿ ಆ ಉತ್ತರಕ್ಕೆ ಕೆಲಸ ಸಿಗುವುದಿಲ್ಲ. ಜಂಟಿ ಹೊಣೆ ಅಂದ ಮೇಲೆ ನೀವು ಬಗ್ಗಿದರೆ ಆ ಕಾನೂನಿಗೆ ಅರ್ಥವೇ ಇಲ್ಲ ಅಲ್ವಾ?

ಹಾಗಂತ "ನಾನು ಬಿಡುವುದಿಲ್ಲ" ಅಂತ ಮೇಜು ಗುದ್ದಿದರೂ ಕೆಡುತ್ತದೆ. ಒಳ್ಳೆಯ ಉತ್ತರ ಹೀಗಿರುತ್ತದೆ. ಮೊದಲು ಕ್ಯಾಪ್ಟನ್ ಯಾಕೆ ಹಾಗೆ ಹೇಳುತ್ತಿದ್ದಾರೆ ಅಂತ ಕೇಳುತ್ತೇನೆ. ಅವರ ಕಿಟಕಿಯಿಂದ ಕಾಣುವುದು ನನ್ನ ಪರದೆಯಲ್ಲಿ ಇಲ್ಲದಿರಬಹುದು. ಆಮೇಲೆ ನನ್ನ ಬಳಿ ಇರುವ ಟ್ಯಾಫ್ ತೋರಿಸಿ, ನಿಯಮ ಇಷ್ಟು ಕೇಳುತ್ತದೆ ಅನ್ನುತ್ತೇನೆ. ತೂಕದ ಸಮಸ್ಯೆ ಇದ್ದರೆ ಹತ್ತಿರದ ಇನ್ನೊಂದು ಆಲ್ಟರ್ನೇಟ್, ಬೇರೆ ಎತ್ತರ, ಅರ್ಧ ಗಂಟೆ ತಡ, ಇವುಗಳಲ್ಲಿ ಏನಾದರೂ ಆಗುತ್ತದೆಯೇ ನೋಡುತ್ತೇನೆ. ಯಾವುದೂ ಆಗದಿದ್ದರೆ ಬಿಡುಗಡೆಗೆ ಸಹಿ ಹಾಕುವುದಿಲ್ಲ. ಮ್ಯಾನೇಜರ್‌ಗೂ ಇದನ್ನೇ ಹೇಳುತ್ತೇನೆ. ಇಷ್ಟನ್ನು ದನಿ ಏರಿಸದೆ ಹೇಳಲು ಮನೆಯಲ್ಲೇ ಅಭ್ಯಾಸ ಮಾಡಿ. ಗಂಡನನ್ನೋ ಹೆಂಡತಿಯನ್ನೋ ಕ್ಯಾಪ್ಟನ್ ಮಾಡಿ ಕೂರಿಸಿ. ನಗು ಬರುತ್ತದೆ, ಪರವಾಗಿಲ್ಲ.

"ಯಾರೊಂದಿಗಾದರೂ ಜಗಳವಾದ ಒಂದು ಸಂದರ್ಭ ಹೇಳಿ" ಅನ್ನುವಂಥ ಪ್ರಶ್ನೆಗಳೂ ಇರುತ್ತವೆ. "ನನಗೆ ಯಾರ ಜೊತೆಯೂ ಜಗಳ ಆಗಿಲ್ಲ" ಅಂದರೆ ಯಾರೂ ನಂಬುವುದಿಲ್ಲ. ದೇವನಹಳ್ಳಿಯ ರ‍್ಯಾಂಪ್‌ನಲ್ಲಿ ನಡೆದದ್ದನ್ನೇ ಹೇಳಬಹುದು. "ನಾವು ಮಾಡಿದೆವು" ಅನ್ನುತ್ತಾ ಹೋಗಬೇಡಿ. ಅದರಲ್ಲಿ ನೀವು ಏನು ಮಾಡಿದಿರಿ ಅಂತ ಅವರಿಗೆ ಬೇಕು.

ಕೆಲಸ ಸಿಕ್ಕಿತು ಅಂದ ಮೇಲೆ ಡ್ರಗ್ ಟೆಸ್ಟ್ ಇದೆ. ಎಷ್ಟೋ ರಾಜ್ಯಗಳಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಇದು ಕೇಂದ್ರ ಸರ್ಕಾರದ ಪರೀಕ್ಷೆ, ರಾಜ್ಯದ ಕಾನೂನು ಇಲ್ಲಿ ನಡೆಯುವುದಿಲ್ಲ. ನೋವಿಗೆ ಅಂತ ಮಾರುವ, ಗಾಂಜಾ ಜಾತಿಯ ಗಿಡದಿಂದ ತೆಗೆದ ಸಿಬಿಡಿ ಎಣ್ಣೆ, ಮಿಠಾಯಿಯನ್ನೂ ಮುಟ್ಟಬೇಡಿ. ಪಾಸಿಟಿವ್ ಬಂದರೆ "ನಾನು ತಗೊಂಡಿದ್ದು ಸಿಬಿಡಿ ಮಾತ್ರ" ಅನ್ನುವ ನೆಪ ನಡೆಯುವುದಿಲ್ಲ.

ಕೊನೆಗೆ "ನಿಮ್ಮ ಪ್ರಶ್ನೆ ಏನಾದರೂ ಇದೆಯೇ" ಅಂತ ಕೇಳುತ್ತಾರೆ. ಸುಮ್ನೆ ತಲೆ ಅಲ್ಲಾಡಿಸಿ ಎದ್ದು ಬರಬೇಡಿ. ಹೊಸಬರಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಸಣ್ಣ ಪ್ರಾದೇಶಿಕ ಏರ್‌ಲೈನ್‌ಗಳು. ಅವುಗಳ ಕಚೇರಿ ದೊಡ್ಡ ಊರಲ್ಲೇ ಇರಬೇಕೆಂದಿಲ್ಲ. ಸ್ಕೈವೆಸ್ಟ್‌ನದು ಯೂಟಾದ ಸೇಂಟ್ ಜಾರ್ಜ್‌ನಲ್ಲಿದೆ. ಡಲ್ಲಾಸ್‌ನ ಸೌತ್‌ವೆಸ್ಟ್, ಅಟ್ಲಾಂಟಾದ ಡೆಲ್ಟಾ ಆಮೇಲಿನ ಮಾತು. ಶಿಫ್ಟ್, ರಜೆ ಎಲ್ಲ ಸೀನಿಯಾರಿಟಿ ಪ್ರಕಾರ ಹಂಚುತ್ತಾರೆ. ಹೊಸಬರಿಗೆ ರಾತ್ರಿ ಪಾಳಿ, ಹಬ್ಬದ ದಿನದ ಪಾಳಿ ಗ್ಯಾರಂಟಿ. ಕಂಪನಿ ಬದಲಾಯಿಸಿದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಒಂದೇ ಸಮಾಧಾನ, ಸತತವಾಗಿ 10 ಗಂಟೆಗಿಂತ ಹೆಚ್ಚು ಡ್ಯೂಟಿ ಹಾಕುವಂತಿಲ್ಲ ಅಂತ ನಿಯಮ ಇದೆ.

ಹಾಗಾಗಿ ಕೇಳಬೇಕಾದ್ದನ್ನು ಕೇಳಿ. ಟ್ರೈನಿಂಗ್ ಎಷ್ಟು ವಾರ, ಆಗ ಸಂಬಳ ಎಷ್ಟು, ಹೋಟೆಲ್ ಖರ್ಚು ಯಾರದು. ಇಷ್ಟು ದಿನ ಬಿಡುವಂತಿಲ್ಲ ಅನ್ನುವ ಕರಾರು ಇದೆಯೇ, ಬಿಟ್ಟರೆ ಎಷ್ಟು ಕಟ್ಟಬೇಕು. ಒಬ್ಬ ಡಿಸ್ಪ್ಯಾಚರ್ ಮೇಜಿನ ಮೇಲೆ ಒಂದು ಶಿಫ್ಟ್‌ಗೆ ಎಷ್ಟು ವಿಮಾನ. ಡಿಸ್ಪ್ಯಾಚರ್‌ಗಳು 12 ತಿಂಗಳಿಗೊಮ್ಮೆ ಕನಿಷ್ಠ 5 ಗಂಟೆ ಕಾಕ್‌ಪಿಟ್‌ನಲ್ಲಿ ಕೂತು ಹಾರಾಟ ನೋಡಬೇಕು ಅಂತ ನಿಯಮವಿದೆ. ಅದನ್ನು ಇಲ್ಲಿ ಹೇಗೆ ಮಾಡಿಸುತ್ತೀರಿ ಅಂತಲೂ ಕೇಳಿ. ಕೇಳಿದರೆ ಕೆಲಸದ ಬಗ್ಗೆ ಓದಿಕೊಂಡು ಬಂದಿದ್ದೀರಿ ಅಂತ ಅವರಿಗೂ ಗೊತ್ತಾಗುತ್ತದೆ.