ಕಜ್ಜಿ ಮುಲಾಮು: ಮನೆಮಂದಿಗೆಲ್ಲ ಒಂದೇ ರಾತ್ರಿ

ಸಿಂಧನೂರು, ಮಾನ್ವಿ ಕಡೆ ನಾನು ನೋಡಿದ ಮನೆಗಳಲ್ಲೆಲ್ಲ ಇದೇ ಕಥೆ. ಮಗುವಿನ ಬೆರಳ ಸಂದಿಗೆ ಒಂದಿಷ್ಟು ಮುಲಾಮು ಸವರಿ, ಮತ್ತೆ ಅದೇ ಕೌದಿಯೊಳಗೆ ಅಕ್ಕ-ತಮ್ಮಂದಿರ ಜೊತೆ ಮಲಗಿಸುತ್ತಾರೆ. ಹದಿನೈದು ದಿನಕ್ಕೆ ಕಜ್ಜಿ ವಾಪಸ್. ಕೆರೆದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಕೆಲವು ಮಕ್ಕಳಿಗೆ ಅದರ ಬೆನ್ನಲ್ಲೇ ಕಿಡ್ನಿ ಬಾವು. ಚಳಿ ದೇಶಗಳಲ್ಲಿ ಈ ಕಿಡ್ನಿ ಕಾಯಿಲೆ ಹೆಚ್ಚಾಗಿ ಗಂಟಲು ನೋವಿನ ಹಿಂದೆ ಬರುತ್ತದೆ, ರಾಯಚೂರಿನಂಥ ಬಿಸಿಲು ಸೀಮೆಯಲ್ಲಿ ಚರ್ಮದ ಗಾಯದ ಹಿಂದೆ. 1970ರ ದಶಕದ ಆರಂಭದಲ್ಲಿ ಟ್ರಿನಿಡಾಡ್ ದ್ವೀಪದಲ್ಲಿ ಕಜ್ಜಿ ಹಬ್ಬಿದಾಗ ಕಿಡ್ನಿ ಕಾಯಿಲೆಯೂ ಜೊತೆಗೇ ಹಬ್ಬಿತ್ತು.

1. ಮೊದಲು ವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ಕಜ್ಜಿಯ ಹುಳ ಕೊಲ್ಲುವ ಶೇ 5ರ ಪರ್ಮೆಥ್ರಿನ್ ಮುಲಾಮು ಬರೆಯುತ್ತಾರೆ. ಮೆಡಿಕಲ್ ಶಾಪಿನವರು ತಾವಾಗಿ ಕೊಡುವ ಸ್ಟಿರಾಯ್ಡ್ ಬೆರೆತ 'ಮಿಕ್ಸ್' ಕ್ರೀಮು ಬೇಡವೇ ಬೇಡ. ತುರಿಕೆ ಅಡಗುತ್ತದೆ, ಹುಳ ಒಳಗೇ ಬೆಳೆಯುತ್ತದೆ.

2. ಎಲ್ಲರೂ ಎಡವುವುದು ಇಲ್ಲೇ. ತುರಿಸಲಿ ಬಿಡಲಿ, ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಅಜ್ಜಿಯನ್ನೂ ಬಿಡಬೇಡಿ. ಬಸುರಿ, ಎರಡು ತಿಂಗಳೊಳಗಿನ ಕೂಸು ಇದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಮೈ ಒಣಗಿ ತಣ್ಣಗಿರಲಿ. ಕುತ್ತಿಗೆಯಿಂದ ಅಂಗಾಲಿನವರೆಗೆ ಬಿಡದೆ ಸವರಿ: ಬೆರಳ ಸಂದಿ, ಉಗುರಿನಡಿ, ಕಂಕುಳು, ಹೊಕ್ಕಳು, ಉಡಿದಾರದ ಕೆಳಗೆ, ತೊಡೆಸಂದಿ, ಕುಂಡಿ. ಉಡಿದಾರ ಸರಿಸಿ ಹಚ್ಚುವವರನ್ನು ನಾನು ಕಂಡದ್ದು ಕಡಿಮೆ. ಕೂಸುಗಳಿಗಾದರೆ ತಲೆಗೂ ಮುಖಕ್ಕೂ ಹಚ್ಚಬೇಕು, ಕಣ್ಣು-ಬಾಯಿ ಬಿಟ್ಟು. 8ರಿಂದ 14 ಗಂಟೆ ಮೈಮೇಲಿರಲಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ವಾರದ ನಂತರ ಇನ್ನೊಮ್ಮೆ. ತುರಿಕೆ ಎರಡು-ಮೂರು ವಾರ ಉಳಿಯಬಹುದು, ಹಾಗಂತ ದಿನಾ ಬಳಿಯಬೇಡಿ.

3. ಬೆಳಿಗ್ಗೆ ಬಟ್ಟೆ, ಚಾದರ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ದಪ್ಪ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮೂರು ದಿನ ಅಂತಾರೆ, ನಾನು ವಾರ ಬಿಡುತ್ತೇನೆ.

4. ಹಳದಿ ಹಕ್ಕಳೆಗಟ್ಟಿದ ಕೀವುಗಾಯ ಇದ್ದರೆ ಅದಕ್ಕೆ ಬೇರೆ ಔಷಧಿ ಬೇಕು, ಆಸ್ಪತ್ರೆಗೇ ಹೋಗಿ. ಬೇವು-ಅರಿಶಿನ ಮೆತ್ತಿ ಕಾಯಬೇಡಿ.

5. ಗಾಯ ಮಾಯ್ತು ಅಂತ ಸುಮ್ಮನಾಗಬೇಡಿ. ಗಂಟಲು ನೋವಿನ ನಂತರ ಒಂದೆರಡು ವಾರಕ್ಕೆ ಬರುವ ಕಿಡ್ನಿ ಬಾವು, ಚರ್ಮದ ಗಾಯದ ನಂತರ 3ರಿಂದ 6 ವಾರಕ್ಕೆ ಬರುತ್ತದೆ. ಅಷ್ಟರಲ್ಲಿ ಹಕ್ಕಳೆ ಉದುರಿ ಎಲ್ಲರೂ ಮರೆತಿರುತ್ತಾರೆ. ಅಲ್ಲಿಯವರೆಗೆ ಎರಡು ದಿನಕ್ಕೊಮ್ಮೆಯಾದರೂ ಮಗುವಿನ ಬೆಳಗಿನ ಮೂತ್ರವನ್ನು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿದು ನೋಡಿ. ಕರಿ ಚಹಾದ ಬಣ್ಣವಿದ್ದರೆ, ಎದ್ದಾಗ ರೆಪ್ಪೆ ಊದಿದ್ದರೆ, ಮೂತ್ರ ಕಡಿಮೆಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಬಿಪಿಯನ್ನೂ ನೋಡಿಸಿ. ಸಮಯಕ್ಕೆ ತೋರಿಸಿದರೆ ಹೆಚ್ಚಿನ ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಹೋಗುವಾಗ ಆ ಡಬ್ಬಿಯನ್ನೂ ಒಯ್ಯಿರಿ.