ಥೀಸಿಸ್ ವಿಷಯ ಹುಡುಕುವಾಗ ಮೊದಲು ಡೇಟಾ ಸಿಗುವ ಜಾಗ ನೋಡಿ

ಇನ್ಫರ್ಮೇಶನ್ ಸಿಸ್ಟಮ್ಸ್‌ನಲ್ಲಿ ಥೀಸಿಸ್ ಬರೆಯಲು ಹೊರಟ ಎಂಸಿಎ, ಎಂಬಿಎ ವಿದ್ಯಾರ್ಥಿಗಳು ಗೈಡ್ ಮುಂದೆ ಮೊದಲು ಇಡುವುದು ಹೆಚ್ಚಾಗಿ ಒಂದು ತಂತ್ರಜ್ಞಾನದ ಹೆಸರನ್ನು: ಬ್ಲಾಕ್‌ಚೈನ್, ಕ್ಲೌಡ್, ಎಐ. ಅಷ್ಟಕ್ಕೆ ಅದು ವಿಷಯವಾಗುವುದಿಲ್ಲ. ಯಾವ ವ್ಯವಸ್ಥೆಯನ್ನು ಯಾರು, ಯಾವ ಕೆಲಸಕ್ಕೆ ಬಳಸುತ್ತಿದ್ದಾರೆ, ಅಲ್ಲಿ ಇನ್ನೂ ಏನು ಗೊತ್ತಾಗಬೇಕಿದೆ ಎಂಬುದೆಲ್ಲ ಸೇರಿದಾಗ ಮಾತ್ರ ವಿಷಯ ಹುಟ್ಟುತ್ತದೆ. ಪರೀಕ್ಷಿಸುವುದು ಸುಲಭ. ನಿಮ್ಮ ಪ್ರಶ್ನೆಯಿಂದ ಬಳಸುವವರನ್ನೂ ಸಂಸ್ಥೆಯನ್ನೂ ತೆಗೆದುಬಿಡಿ. ಆಮೇಲೂ ಪ್ರಶ್ನೆ ಹಾಗೇ ಉಳಿದರೆ ಅದು ಕಂಪ್ಯೂಟರ್ ಸೈನ್ಸ್‌ನ ಪ್ರಶ್ನೆ, ಅದಕ್ಕೆ ಬೇರೆ ವಿಭಾಗವಿದೆ.

ಮೊದಲ ಹೆಜ್ಜೆ: ಜಾಗಗಳ ಪಟ್ಟಿ

ನೀವು ನಿಜವಾಗಿ ಒಳಗೆ ಹೋಗಬಲ್ಲ ಐದಾರು ಜಾಗಗಳನ್ನು ಬರೆದುಕೊಳ್ಳಿ: ಊರಿನ ಹಾಲು ಉತ್ಪಾದಕರ ಸಂಘ, ಗ್ರಾಮ ಒನ್ ಕೇಂದ್ರ, ಕಾಲೇಜಿನ ಗ್ರಂಥಾಲಯ, ಆಸ್ಪತ್ರೆಯ ನೋಂದಣಿ ಕೌಂಟರ್, ಪರಿಚಯದವರ ಗೋದಾಮು. ಪ್ರತಿಯೊಂದರ ಎದುರು ಮೂರು ಸಂಗತಿ ಬರೆಯಿರಿ. ಅನುಮತಿ ಕೊಡುವವರು ಯಾರು, ಯಾವ ದಾಖಲೆ ನೋಡಲು ಸಿಗುತ್ತದೆ, ಅಲ್ಲಿ ಎಷ್ಟು ಜನರ ಜತೆ ಮಾತಾಡಬಹುದು. ಬ್ಯಾಂಕ್ ಗ್ರಾಹಕರ ವ್ಯವಹಾರದ ಡೇಟಾ ಹೊರಗಿನವರಿಗೆ ಸಿಗುವುದಿಲ್ಲ, ಅದನ್ನು ನಂಬಿ ವಿಷಯ ಕಟ್ಟಬೇಡಿ. ‘ಬನ್ನಿ, ನೋಡೋಣ’ ಎಂಬ ಬಾಯಿಮಾತು ಅನುಮತಿಯಲ್ಲ. ಮಾತು ಕೊಟ್ಟ ಅಧಿಕಾರಿ ವರ್ಗವಾದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಲೆಟರ್‌ಹೆಡ್ ಮೇಲೆ ಸಹಿ ಹಾಕಿಸಿಕೊಂಡ ಮೇಲಷ್ಟೇ ಸಿನಾಪ್ಸಿಸ್ (ಥೀಸಿಸ್‌ನ ರೂಪುರೇಷೆ) ಬರೆಯಿರಿ.

ಎರಡನೆಯದು: ಅಲ್ಲಿ ಕೂತು ನೋಡುವುದು

ಹಾಲಿನ ಸಂಘವನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ ಉತ್ಪಾದಕರು ಹಾಲು ತರುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿ ತೂಕ ತೋರಿಸುತ್ತದೆ, ಸ್ಯಾಂಪಲ್ ತೆಗೆದು ಯಂತ್ರಕ್ಕೆ ಕೊಟ್ಟರೆ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಅಂಕಿ ಬರುತ್ತವೆ, ಸಾಫ್ಟ್‌ವೇರ್ ದರ ಲೆಕ್ಕ ಹಾಕಿ ಚೀಟಿ ಮುದ್ರಿಸುತ್ತದೆ. ‘ಹೈನುಗಾರಿಕೆಯಲ್ಲಿ ಐಟಿ ಬಳಕೆ’ ಎಂದು ವಿಷಯ ಇಟ್ಟರೆ ಹತ್ತು ಥೀಸಿಸ್‌ಗಾಗುವಷ್ಟು ಅಗಲ. ಚೀಟಿಯ ಹಿಂದೆ ಹೋಗಿ. ಅದರಲ್ಲಿರುವ ಫ್ಯಾಟ್ ಅಂಕಿಯನ್ನು ಓದುವವರು ಯಾರು? ಮನೆಯಲ್ಲಿ ಹಸು ನೋಡಿಕೊಳ್ಳುವವರ ಕೈಗೆ ಅದು ತಲುಪುತ್ತದೆಯೇ, ಹಾಲು ಹಾಕಿ ಬಂದವರ ಜೇಬಿನಲ್ಲೇ ಉಳಿಯುತ್ತದೆಯೇ? ಅಂಕಿ ಕುಸಿದಾಗ ಮೇವು ಬದಲಿಸುತ್ತಾರೋ, ಯಂತ್ರವನ್ನೇ ಅನುಮಾನಿಸುತ್ತಾರೋ? ಅನುಮಾನ ಬಂದರೆ ಕಾರ್ಯದರ್ಶಿಯನ್ನು ಕೇಳುತ್ತಾರೋ, ಸುಮ್ಮನಿರುತ್ತಾರೋ? ಇವುಗಳಲ್ಲಿ ಯಾವುದನ್ನು ಹಿಡಿದರೂ ಒಂದು ಒಳ್ಳೆಯ ಥೀಸಿಸ್ ಆಗುತ್ತದೆ. ಮಾಹಿತಿ ಹುಟ್ಟುವ ಜಾಗ ಮತ್ತು ಅದರ ಮೇಲೆ ತೀರ್ಮಾನ ಆಗುವ ಜಾಗ, ಇವೆರಡರ ನಡುವೆ ಎಲ್ಲಿ ಕೊಂಡಿ ತಪ್ಪಿದೆ ಎಂದು ಹುಡುಕಿ. ಈ ಕ್ಷೇತ್ರದ ಗಟ್ಟಿ ಪ್ರಶ್ನೆಗಳು ಅಲ್ಲಿಯೇ ಸಿಗುತ್ತವೆ.

ಆಮೇಲೆ ಓದು

ಗೂಗಲ್ ಸ್ಕಾಲರ್‌ನಲ್ಲಿ ಲೇಖನಗಳನ್ನೂ ಶೋಧಗಂಗಾದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನೂ ನೋಡಿ. ಸ್ನಾತಕೋತ್ತರ ಮಟ್ಟಕ್ಕೆ ಹತ್ತಿರದ 20–25 ಲೇಖನ ಸಾಕು. ಪ್ರತಿಯೊಂದಕ್ಕೂ ಒಂದು ಸಾಲು ಬರೆಯಿರಿ: ಪ್ರಶ್ನೆ, ಎಲ್ಲಿ ಮಾಡಿದ್ದು, ಎಷ್ಟು ಜನ, ಯಾವ ವಿಧಾನ, ಏನು ಕಂಡಿತು, ಏನನ್ನು ಬಿಟ್ಟಿದ್ದಾರೆ. ಕೊನೆಯ ಕಾಲಂ ತುಂಬದ ಲೇಖನವನ್ನು ಮತ್ತೊಮ್ಮೆ ಓದಿ.

ಇಲ್ಲೊಂದು ಹಳ್ಳವಿದೆ, ಬೀಳುವವರು ಬಹಳ. ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಟಿಎಎಂ (ಟೆಕ್ನಾಲಜಿ ಆಕ್ಸೆಪ್ಟೆನ್ಸ್ ಮಾಡೆಲ್, ಅಂದರೆ ತಂತ್ರಜ್ಞಾನ ಸ್ವೀಕಾರದ) ಮಾದರಿ ಒಂದು ತಂತ್ರಜ್ಞಾನ ಉಪಯುಕ್ತ ಮತ್ತು ಸುಲಭ ಅನಿಸಿದರೆ ಜನ ಬಳಸಲು ಮನಸ್ಸು ಮಾಡುತ್ತಾರೆ ಎನ್ನುತ್ತದೆ. ಅದನ್ನು ಹಿಡಿದು ‘ಕಾಲೇಜು ವಿದ್ಯಾರ್ಥಿಗಳಲ್ಲಿ ಯುಪಿಐ ಸ್ವೀಕಾರ’ ಎಂದು ಈಗ ಸರ್ವೆ ಮಾಡಿದರೆ ಏನಾಗುತ್ತದೆ? ಯುಪಿಐ ಬಂದಿದ್ದು 2016ರಲ್ಲಿ. ವಿದ್ಯಾರ್ಥಿಗಳು ಟೀ ಅಂಗಡಿಯಲ್ಲೂ ಸ್ಕ್ಯಾನ್ ಮಾಡುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ‘ಬಳಸುತ್ತೇನೆ’ ಎಂದೇ ಟಿಕ್ ಹಾಕಿದರೆ ಉತ್ತರಗಳಲ್ಲಿ ವ್ಯತ್ಯಾಸವೇ ಇರುವುದಿಲ್ಲ, ವ್ಯತ್ಯಾಸವಿಲ್ಲದಿದ್ದರೆ ಯಾವುದರಿಂದ ಯಾವುದಾಯಿತು ಎಂದು ವಿವರಿಸಲೂ ಆಗದು. ಸಂಘದ ಯಂತ್ರದಂಥ ಕಡ್ಡಾಯ ವ್ಯವಸ್ಥೆಯಲ್ಲೂ ‘ಬಳಸುವ ಮನಸ್ಸಿದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ. ಅಲ್ಲಿ ಮಾಹಿತಿಯ ಗುಣಮಟ್ಟ, ವ್ಯವಸ್ಥೆಯ ಗುಣಮಟ್ಟ, ಬಳಕೆದಾರರ ತೃಪ್ತಿಯನ್ನು ಅಳೆಯುವ ಡಿಲೋನ್–ಮ್ಯಾಕ್ಲೀನ್ ಮಾದರಿ ಹೆಚ್ಚು ಹೊಂದುತ್ತದೆ. ಅದು 1992ರಲ್ಲಿ ಬಂದು 2003ರಲ್ಲಿ ಪರಿಷ್ಕೃತವಾಯಿತು. ಪ್ರಶ್ನೆ ನೋಡಿ ಮಾದರಿ ಆರಿಸಿ, ಮಾದರಿ ನೋಡಿ ಪ್ರಶ್ನೆ ಹುಡುಕಬೇಡಿ.

ಆ್ಯಪ್ ಕಟ್ಟುವ ಆಸೆಯಿರುವವರಿಗೂ ದಾರಿಯಿದೆ. ಅದನ್ನು ಡಿಸೈನ್ ಸೈನ್ಸ್ ಎನ್ನುತ್ತಾರೆ. ಆದರೆ ಕಟ್ಟಿದ್ದನ್ನು ನಿಜವಾದ ಬಳಕೆದಾರರ ಕೈಗಿಟ್ಟು, ಕೆಲಸ ಎಷ್ಟು ಬದಲಾಯಿತು ಎಂದು ಅಳೆದು ತೋರಿಸಬೇಕು. ಬರೀ ಸ್ಕ್ರೀನ್‌ಶಾಟ್ ಅಂಟಿಸಿದರೆ ಅದು ಪ್ರಾಜೆಕ್ಟ್ ವರದಿಯಷ್ಟೇ.

ಖಾಲಿ ಕೋಷ್ಟಕ ಬರೆದು ನೋಡಿ

ವಿಷಯ ನಿಲ್ಲುತ್ತದೋ ಇಲ್ಲವೋ ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಫಲಿತಾಂಶದ ಅಧ್ಯಾಯದಲ್ಲಿ ಬರಬೇಕಾದ ಕೋಷ್ಟಕಗಳನ್ನು ಈಗಲೇ ಅಂಕಿಗಳಿಲ್ಲದೆ ಬರೆಯಿರಿ. ಅಡ್ಡಸಾಲಿನಲ್ಲಿ ಯಾರು, ಕಾಲಂನಲ್ಲಿ ಏನು? ಒಂದೊಂದು ಮನೆ ತುಂಬಲು ಯಾವ ದಾಖಲೆ, ಯಾವ ಪ್ರಶ್ನೆ ಬೇಕು? ಉತ್ತರ ಹೊಳೆಯದ ಮನೆಗಳು ಹೆಚ್ಚಿದ್ದರೆ ಪ್ರಶ್ನೆಯನ್ನು ಇನ್ನಷ್ಟು ಕಿರಿದು ಮಾಡಿ.

ಎಷ್ಟು ಜನ ಬೇಕು ಎಂಬುದೂ ಆಗಲೇ ತಿಳಿಯುತ್ತದೆ. ಶೇ 95ರ ವಿಶ್ವಾಸ ಮಟ್ಟ, ಶೇ 5ರ ದೋಷಮಿತಿ (ಇದೇ ಸರ್ವೆಯನ್ನು ನೂರು ಸಲ ಮಾಡಿದರೆ ಸುಮಾರು 95 ಸಲ ಸಿಗುವ ಶೇಕಡಾವಾರು ಅಂಕಿ ನಿಜದ ಅಂಕಿಗಿಂತ ಐದಕ್ಕಿಂತ ಹೆಚ್ಚು ಆಚೀಚೆ ಹೋಗದಂತೆ) ಇಟ್ಟುಕೊಂಡರೆ ದೊಡ್ಡ ಜನಸಂಖ್ಯೆಗೆ ಸುಮಾರು 385 ಜನ ಬೇಕು. ಆದರೆ ಸಂಘದಲ್ಲಿ ಹಾಲು ಹಾಕುವವರು 120 ಜನವಷ್ಟೇ ಇದ್ದರೆ 92 ಸಾಕು. ಅಷ್ಟಕ್ಕೆ ಬಂದ ಮೇಲೆ ಎಲ್ಲ 120 ಜನರನ್ನೂ ಕೇಳುವುದೇ ವಾಸಿ. ಗೂಗಲ್ ಫಾರ್ಮ್ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಸಂಖ್ಯೆ ತುಂಬಿಸಿದರೆ ನಿಮ್ಮ ಗೆಳೆಯರ ಅಭಿಪ್ರಾಯ ಸಿಗುತ್ತದೆ, ಉತ್ಪಾದಕರದ್ದಲ್ಲ.

ಪ್ರಶ್ನಾವಳಿ ಮೂಲದಲ್ಲಿ ಇಂಗ್ಲಿಷಿನದಾದರೆ ಕನ್ನಡಕ್ಕೆ ತಂದು, ಮೂಲ ನೋಡದ ಇನ್ನೊಬ್ಬರಿಂದ ತಿರುಗಿ ಇಂಗ್ಲಿಷಿಗೆ ಮಾಡಿಸಿ ಎರಡನ್ನೂ ಹೋಲಿಸಿ. 20–30 ಜನರ ಮೇಲೆ ಮೊದಲು ಪ್ರಯೋಗ ಮಾಡಿ. ಆಧಾರ್, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಬರೆದುಕೊಳ್ಳಲೇಬೇಡಿ. ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ, ಒಪ್ಪಿಗೆ ಪಡೆಯಿರಿ. ವೈಯಕ್ತಿಕ ಡೇಟಾ ರಕ್ಷಣೆಗೆಂದೇ 2023ರ ಕಾನೂನಿದೆ.

ಶೀರ್ಷಿಕೆಯನ್ನು ಎಲ್ಲದರ ನಂತರ ಬರೆಯಿರಿ, ಅದರಲ್ಲಿ ಜಾಗದ ಹೆಸರು ಇರಲಿ. ಒಮ್ಮೆ ನೋಂದಣಿಯಾದ ಶೀರ್ಷಿಕೆ ಬದಲಿಸುವುದು ಪತ್ರ, ಸಭೆ, ಸಹಿಗಳ ಕೆಲಸ. ಒಂದು ತಾಲ್ಲೂಕಿನ ಮೂರು ಸಂಘ ನೋಡಿ ‘ಕರ್ನಾಟಕದಲ್ಲಿ’ ಎಂದು ಬರೆದರೆ ವೈವಾದಲ್ಲಿ ಮೊದಲ ಪ್ರಶ್ನೆಯೇ ಅದರ ಮೇಲೆ ಬರುತ್ತದೆ.